ವಾಪಸ್ ಬಂದ ಗಂಟಿನಲ್ಲಿ ಒಂದು ಜಮಖಾನ ಕಡಿಮೆ

ಮಾಲು ಕಳಿಸುವಾಗ ನಮ್ಮ ಮಂದಿ ಬಿಲ್ಲು, ಬೆಲೆ, ತೂಕ ಎಲ್ಲ ಬರೆಸುತ್ತಾರೆ. ಅದೇ ಮಾಲು ಮಾರಾಟವಾಗದೆ ತಿರುಗಿ ಬರುವಾಗ ಯಾರೂ ಏನೂ ಕೇಳುವುದಿಲ್ಲ. ಅಂಚೆ ಕೌಂಟರಿನಲ್ಲಿ ಪಾರ್ಸೆಲ್ ತೂಗಿ ತೂಗಿಯೇ ನಿವೃತ್ತನಾದವನು ನಾನು. ನವಲಗುಂದದಲ್ಲಿ ಈಗಲೂ ಪಾರ್ಸೆಲ್ ತಂಟೆ ಬಂದರೆ ಜನ ನನ್ನ ಕಟ್ಟೆಗೆ ಬರುತ್ತಾರೆ. ಹಾಗೆ ಬಂದವರಲ್ಲಿ ನಮ್ಮ ಓಣಿಯ ಜಮಖಾನ ನೇಯುವ ಅಕ್ಕ ಒಬ್ಬರು.

"ಮಾಸ್ತರ್ರ, ಬೆಂಗಳೂರಿಂದ ಮೂರು ವಾಪಸ್ ಕಳಿಸೇನಿ ಅಂತಾನ್ರಿ ಅಂಗಡಿಯಾಂವ. ಗಂಟ ಬಿಚ್ಚಿದ್ರ ಎರಡ ಅದಾವು. ನವಿಲಿಂದು ಇಲ್ಲ."

ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮನೆಯೊಳಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನೇಯುವವರು ಹೆಂಗಸರೇ. ಕಳೆದುಹೋದದ್ದು ದೊಡ್ಡ ಅಳತೆಯದು, ಒಂಬತ್ತು ಸಾವಿರದ ಮಾಲು. ಅಂಗಡಿಯವನು ಮೂರನ್ನೂ ಕಟ್ಟಿದೆ ಎನ್ನುತ್ತಾನೆ. ಹುಬ್ಬಳ್ಳಿ ಗೋದಾಮಿನ ಟ್ರಾನ್ಸ್‌ಪೋರ್ಟಿನವರು, "ಒಂದು ನಗ ಬಂದಿತ್ತು, ಒಂದು ನಗ ಕೊಟ್ಟೀವಿ, ನಿಮ್ಮ ಮಗ ಸಹಿ ಮಾಡ್ಯಾನ" ಎನ್ನುತ್ತಾರೆ.

ಇಂಥ ಜಗಳದಲ್ಲಿ ಮೊದಲು ನೋಡಬೇಕಾದದ್ದು ಬಿಲ್ಟಿ, ಅಂದರೆ ಮಾಲು ಹೇರಿಕೊಂಡಾಗ ಟ್ರಾನ್ಸ್‌ಪೋರ್ಟಿನವರು ಬರೆದುಕೊಡುವ ರಸೀದಿ. ಅದರಲ್ಲಿ ತೂಕಕ್ಕೆ ಎರಡು ಕಲಮು ಇರುತ್ತವೆ: ಒಂದು ನಿಜವಾದ ತೂಕ, ಇನ್ನೊಂದು ಬಾಡಿಗೆ ಹಾಕಿದ ತೂಕ. ಎರಡನೆಯದನ್ನು ಅವರು ದುಂಡಗೆ ಏರಿಸಿ ಬರೆಯುವುದರಿಂದ ಅದನ್ನು ನೆಚ್ಚಿಕೊಂಡು ವಾದ ಮಾಡಲಾಗದು. ಇಲ್ಲಿ ನಿಜವಾದ ತೂಕ 15 ಕಿಲೋ 200 ಗ್ರಾಂ ಎಂದಿತ್ತು. ಉಳಿದ ಎರಡು ಜಮಖಾನಗಳನ್ನು ಅದೇ ತಾಡಪತ್ರಿ, ಅದೇ ಹಗ್ಗದಲ್ಲಿ ಮತ್ತೆ ಕಟ್ಟಿಸಿ ಅಡತಿ ಅಂಗಡಿಯ ಕಾಟಾದ ಮೇಲೆ ಇಟ್ಟೆವು. ಹತ್ತು ಕಿಲೋದ ಹತ್ತಿರ ನಿಂತಿತು. ನವಿಲಿನ ಜಮಖಾನದ್ದೇ ತೂಕ ಐದು ಕಿಲೋ. ಅಂದರೆ ಬೆಂಗಳೂರಿನಲ್ಲಿ ಮೂರೂ ಗಂಟಿನೊಳಗೆ ಇದ್ದವು, ಹೋದದ್ದು ದಾರಿಯಲ್ಲಿ.

ಬಿಲ್ಟಿಯ ಮೂಲೆಯಲ್ಲಿ ಅಚ್ಚಾದ "ಓನರ್ಸ್ ರಿಸ್ಕ್" (ಜೋಖಮಿ ಮಾಲೀಕರದೇ) ಎಂಬ ಎರಡು ಶಬ್ದಕ್ಕೆ ಹೆದರಿ ಎಷ್ಟೋ ಜನ ಸುಮ್ಮನಾಗುತ್ತಾರೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಮಾಲು ಕಳೆದರೆ ಸಾಗಣೆದಾರನ ನಿರ್ಲಕ್ಷ್ಯವನ್ನು ನಾವು ರುಜುವಾತು ಮಾಡಬೇಕಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ಒಂದು ಮುಳ್ಳೂ ಇದೆ. ಬೆಲೆ ಬರೆಸಿ ಹೆಚ್ಚಿನ ಜೋಖಮಿ ದರ ಕಟ್ಟಿರದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟನ್ನು ದಾಟುವುದಿಲ್ಲ ಎಂದು 2011ರ ನಿಯಮಗಳು ಹೇಳುತ್ತವೆ. ಬಾಡಿಗೆ 320 ರೂಪಾಯಿ, ಹಾಗಾಗಿ ಸಿಗುವುದು 3,200. ಬೆಲೆಯ ಕಲಮಿನಲ್ಲಿ ಅಂಗಡಿಯವನು ಗೀಟು ಎಳೆದಿದ್ದ. ವಾಪಸ್ ಮಾಲಲ್ಲವೇ, ಅವನ ಗಂಟೇನು ಹೋಗುತ್ತದೆ!

ಇದು ಲಾರಿಯವರಿಗಷ್ಟೇ ಸಂಬಂಧಿಸಿದ ಮಾತಲ್ಲ. ತಿರುಪ್ಪೂರಿನ ಭಾರತಿ ನಿಟ್ಟಿಂಗ್ ಕಂಪನಿಯ ಲಕೋಟೆ ಡಿಎಚ್ಎಲ್ ಕೊರಿಯರಿನಲ್ಲಿ ತಲುಪದೆ ಹೋದಾಗ, ಸಹಿ ಮಾಡಿದ ಚೀಟಿಯಲ್ಲಿದ್ದ ನೂರು ಡಾಲರಿನ ಮಿತಿಯನ್ನೇ ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿಯಿತು. ನಮ್ಮ ಅಂಚೆ ಇಲಾಖೆಗೂ 1898ರ ಕಾಯ್ದೆ ದೊಡ್ಡ ರಕ್ಷಣೆ ಕೊಟ್ಟಿತ್ತು. ಅದಕ್ಕೇ ಒಡವೆ ತಂದವರಿಗೆ ನಾನು ಇನ್ಶೂರ್ಡ್ ಮಾಡಿಸಿರೆಂದು ಗಂಟು ಬೀಳುತ್ತಿದ್ದೆ. ಅರಗಿನ ಮುದ್ರೆ ಒತ್ತಿ, ಗ್ರಾಮಿನ ಲೆಕ್ಕದಲ್ಲಿ ತೂಕ ಬರೆದ ಪಾರ್ಸೆಲಿನ ವಿಷಯದಲ್ಲಿ ಜಗಳ ಬೇಗ ಮುಗಿಯುತ್ತದೆ.

ಹಾಗಾದರೆ ಉಳಿದ ಹಣಕ್ಕೆ ಯಾರು ಹೊಣೆ? ಅಂಗಡಿಯವನು ಆ ಜಮಖಾನಗಳನ್ನು ಕೊಂಡಿರಲಿಲ್ಲ, ಮಾರಿಕೊಡಲು ಇಟ್ಟುಕೊಂಡಿದ್ದ. 1872ರ ಕರಾರು ಕಾಯ್ದೆಯ ಪ್ರಕಾರ ಇನ್ನೊಬ್ಬರ ಮಾಲು ಇಟ್ಟುಕೊಂಡವನು ಅದನ್ನು ತನ್ನದೇ ಎಂಬಂತೆ ಜೋಪಾನ ಮಾಡಿ ಮರಳಿಸಬೇಕು. ಒಂಬತ್ತು ಸಾವಿರದ ಮಾಲಿಗೆ ಬೆಲೆ ಬರೆಸದೆ ಲಾರಿಗೆ ಹಾಕುವುದು ಜೋಪಾನವೇ? ಇಬ್ಬರಿಗೂ ನೋಟಿಸು ಬರೆದೆವು. ಸಾಗಣೆದಾರನಿಗೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಕೊಡದಿದ್ದರೆ ದಾವೆಯೇ ನಿಲ್ಲುವುದಿಲ್ಲ. (ಹಿಂದೆ ಇಂಥದಕ್ಕೆ ರಿಜಿಸ್ಟರ್ ಅಂಚೆ ಎನ್ನುತ್ತಿದ್ದೆವು. 2025ರಲ್ಲಿ ಅದು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ನನ್ನಂಥವರಿಗೆ ಸ್ವಲ್ಪ ಕಸಿವಿಸಿ.)

ಗ್ರಾಹಕರ ಆಯೋಗಕ್ಕೆ ಹೋಗೋಣ ಎಂದ ಅಕ್ಕನ ಮಗ. ಮೊಬೈಲಿನಲ್ಲಿ ತರಿಸಿದ ಒಡವೆಯನ್ನು ವಾಪಸ್ ಕಳಿಸಿ, "ಡಬ್ಬಿ ಖಾಲಿ ಬಂತು" ಅನ್ನಿಸಿಕೊಂಡವರಿಗೆ ಆ ದಾರಿಯೇ ಸರಿ. 2020ರ ಇ-ಕಾಮರ್ಸ್ ನಿಯಮದಂತೆ ಕಂಪನಿ 48 ಗಂಟೆಯಲ್ಲಿ ದೂರು ಮುಟ್ಟಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಆಗದಿದ್ದರೆ 1915ಕ್ಕೆ ಫೋನು, ಆಮೇಲೆ ಆಯೋಗ. ಪೊಟ್ಟಣ ಒಯ್ದ ಹುಡುಗನನ್ನು ಕಳಿಸಿದ್ದು ಕಂಪನಿಯೇ ಆದ್ದರಿಂದ ಕೊರಿಯರಿನವನ ಮೇಲೆ ಹಾಕಿ ಜಾರಿಕೊಳ್ಳುವುದು ಅದಕ್ಕೆ ಸುಲಭವಲ್ಲ. ಆದರೆ ನೇಕಾರರ ವಿಷಯದಲ್ಲಿ "ಇದು ವ್ಯಾಪಾರ, ಇವರು ಗ್ರಾಹಕರೇ ಅಲ್ಲ" ಎಂಬ ತಕರಾರು ಎದ್ದೇ ಏಳುತ್ತದೆ. ಅದನ್ನು ಬಿಡಿಸುವುದರಲ್ಲೇ ವರ್ಷ ಕಳೆಯಬಹುದು.

ನಾನು ತೋರಿಸಿದ್ದು ಧಾರವಾಡದ ಖಾಯಂ ಲೋಕ ಅದಾಲತ್ತನ್ನು. ಸರಕು ಸಾಗಣೆ, ಅಂಚೆ ಇವೆಲ್ಲ ಸಾರ್ವಜನಿಕ ಉಪಯುಕ್ತ ಸೇವೆಗಳೆಂದು ಅದರ ವ್ಯಾಪ್ತಿಗೆ ಬರುತ್ತವೆ. ಕೋರ್ಟು ಫೀ ಇಲ್ಲ. ಮೊದಲು ರಾಜಿಗೆ ಕೂಡಿಸುತ್ತಾರೆ. ಆಗದಿದ್ದರೆ ಅವರೇ ತೀರ್ಪು ಕೊಡಬಹುದು, ಅದರ ಮೇಲೆ ಅಪೀಲು ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಪುಕ್ಕಟೆ. ಅಕ್ಕನಿಗೆ ಇದು ಗೊತ್ತಿರಲಿಲ್ಲ, ಗೊತ್ತಿರುವವರು ನಮ್ಮೂರಲ್ಲಿ ಕಡಿಮೆ.

ಅದಾಲತ್ತಿನಲ್ಲಿ ರಾಜಿಗೆ ಕೂತು ಮೇಜಿನ ಮೇಲೆ ಬಿಲ್ಟಿಯನ್ನೂ ಕಾಟಾದ ಚೀಟಿಯನ್ನೂ ಜೋಡಿಸಿ ಇಟ್ಟಾಗ ಟ್ರಾನ್ಸ್‌ಪೋರ್ಟಿನವರು ಮಗನ ಸಹಿಯ ಮಾತು ಬಿಟ್ಟರು. 3,200 ಕೊಡಲು ಒಪ್ಪಿದರು. ಅಂಗಡಿಯವನು ಎಳೆದಾಡಿ ನಾಲ್ಕು ಸಾವಿರಕ್ಕೆ ಬಂದ. ಬಂದವನೇ, ಅದರಲ್ಲಿ ತನ್ನ ಕಮಿಷನ್ ಮುರಿದುಕೊಳ್ಳುತ್ತೇನೆ ಎಂದ.

"ಮಾರಿದ್ರ ಕಮಿಷನ್ ರೀ," ಎಂದರು ಅಕ್ಕ, "ಕಳಕೊಂಡಿದ್ದಕ್ಕ ಯಾರ್ ಕೊಡ್ತಾರ?"

ಕಾಗದದ ಮೇಲೆ ಪೂರ್ತಿ ನಾಲ್ಕು ಸಾವಿರವೇ ಬಿತ್ತು.