ಹಾಯಿದೋಣಿಯ ಹೊಟ್ಟೆಯಲ್ಲಿ ಪೆಟ್ರೋಲ್ ಸೋರಿದರೆ

ಮಾರ್ಗದ ಬದಿಯಲ್ಲಿ ನಿಲ್ಲಿಸಿದ ಕಾರಿನಿಂದ ಪೆಟ್ರೋಲ್ ಹನಿಹನಿಯಾಗಿ ಸೋರಿದರೆ ಅದು ನೆಲಕ್ಕೆ ಬೀಳುತ್ತದೆ, ಆವಿಯಾಗುತ್ತದೆ, ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಕಾರಿನ ಯಜಮಾನನಿಗೆ ಹೆಚ್ಚೆಂದರೆ ಒಂದಿಷ್ಟು ಹಣದ ನಷ್ಟ. ಅದೇ ಹನಿಗಳು ಮುಚ್ಚಿದ ಡೆಕ್ಕುಳ್ಳ ದೋಣಿಯೊಳಗೆ ಬಿದ್ದರೆ ಅವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಹೊರಗಿನ ನೀರು ಒಳಗೆ ಬರಬಾರದೆಂದು ಕಟ್ಟಿದ ಒಡಲು ಒಳಗಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಹಳೆಯ ಪೆಟ್ರೋಲ್ ಇಂಜಿನಿನ ಹಾಯಿದೋಣಿಯ ಕಷ್ಟವೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಆದುದರಿಂದ ಅದು ಮೇಲೇರದೆ ನೀರಿನಂತೆ ತಗ್ಗು ಹುಡುಕಿಕೊಂಡು ಹರಿದು, ನಾವಿಕರು ಬಿಲ್ಜ್ ಎನ್ನುವ ದೋಣಿಯ ಅಡಿತಳದಲ್ಲಿ ಕೂರುತ್ತದೆ. ನಮ್ಮಲ್ಲಿ ಬಹುಕಾಲ ಮುಚ್ಚಿದ್ದ ಬಾವಿಗೆ ಇಳಿಯುವ ಮೊದಲು ಹಗ್ಗದಲ್ಲಿ ದೀಪ ಕಟ್ಟಿ ಇಳಿಸಿ ನೋಡುವ ವಾಡಿಕೆಯುಂಟಷ್ಟೆ? ಭಾರದ ಕೆಟ್ಟ ಗಾಳಿ ತಳದಲ್ಲಿ ನಿಂತಿದ್ದರೆ ದೀಪ ಆರುತ್ತದೆ, ಮನುಷ್ಯ ಉಳಿಯುತ್ತಾನೆ. ದೋಣಿಯ ಅಡಿತಳದಲ್ಲಿ ನಿಲ್ಲುವುದೂ ಭಾರದ ಗಾಳಿಯೇ. ಆದರೆ ಇಲ್ಲಿ ದೀಪ ಆರುವುದಿಲ್ಲ, ದೋಣಿಯೇ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಆವಿಯ ಪ್ರಮಾಣ ಶೇಕಡಾ 1.4ರಷ್ಟು ಆದರೆ ಸಾಕು, ಒಂದು ಕಿಡಿಗೆ ಸಿಡಿಯುವಷ್ಟು ಶಕ್ತಿ ಬಂದಿರುತ್ತದೆ. ಅದೂ ಬಿಸಿಲಿನ ದಿನವೇ ಆಗಬೇಕೆಂದಿಲ್ಲ. ಹಿಮ ಬೀಳುವ ನಾಡಿನ ಚಳಿಯಲ್ಲಿಯೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡೀಸೆಲಿಗೆ ಈ ಗುಣವಿಲ್ಲ. ಅದು ಸೋರಿದರೆ ವಾಸನೆ, ಜಿಡ್ಡು, ಜಗಳ, ಅಷ್ಟೆ.

ಹಾಗಿದ್ದರೆ ಗಾಳಿಯಿಂದ ಓಡುವ ದೋಣಿಗೆ ಪೆಟ್ರೋಲ್ ಇಂಜಿನನ್ನು ಇಟ್ಟವರು ಯಾರು, ಯಾಕೆ? ಗಾಳಿ ಬಿದ್ದ ದಿನ ದಡ ಸೇರಲು, ಇಕ್ಕಟ್ಟಿನ ಬಂದರಿನೊಳಗೆ ತಿರುಗಿಸಲು ಚಿಕ್ಕದೊಂದು ಇಂಜಿನು ಬೇಕೇ ಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮಧ್ಯಮ ವರ್ಗದವರೂ ಮನೆಮಂದಿಯನ್ನು ಕೂರಿಸಿಕೊಂಡು ಹಾಯಿದೋಣಿಯಲ್ಲಿ ವಿಹಾರ ಹೊರಡತೊಡಗಿದರು. ಆಗಿನ ಡೀಸೆಲ್ ಇಂಜಿನುಗಳು ಅಂಥ ದೋಣಿಗೆ ಹೊರಲಾಗದಷ್ಟು ಭಾರ, ಬೆಲೆಯೂ ಹೆಚ್ಚು. ವಿಸ್ಕಾನ್ಸಿನ್ ರಾಜ್ಯದ ಆಷ್ಕಾಷ್ ಪಟ್ಟಣದ ಯೂನಿವರ್ಸಲ್ ಮೋಟಾರ್ ಕಂಪೆನಿಯವರು 1947ರಲ್ಲಿ ಹೊರತಂದ ‘ಆಟಾಮಿಕ್ ಫೋರ್’ ಈ ಜಾಗವನ್ನು ತುಂಬಿತು. ಹೆಸರಿನಲ್ಲಿ ಅಣುವಿದೆ, ಒಳಗಿರುವುದು ನಾಲ್ಕು ಸಿಲಿಂಡರು, ಸುಮಾರು 30 ಅಶ್ವಶಕ್ತಿ. 1984ರ ತನಕ ಇಂಥ ಸುಮಾರು 40 ಸಾವಿರ ಇಂಜಿನುಗಳು ತಯಾರಾದವು. ಸದ್ದು ಕಡಿಮೆ, ನಡುಕ ಕಡಿಮೆ, ಸರಿಪಡಿಸುವುದೂ ಸುಲಭ. ಆ ಕಾರಣದಿಂದಲೇ ತಯಾರಿಕೆ ನಿಂತು ನಾಲ್ಕು ದಶಕ ಕಳೆದರೂ ಅವುಗಳಲ್ಲಿ ಬಹಳಷ್ಟು ಇಂದಿಗೂ ಓಡುತ್ತಿವೆ.

ಈ ಇಂಜಿನು ಇರುವ ಜಾಗವನ್ನು ಗಮನಿಸಬೇಕು. ಸಾಮಾನ್ಯವಾಗಿ ಅದು ಕ್ಯಾಬಿನ್ನಿಗೆ ಇಳಿಯುವ ಮೆಟ್ಟಿಲಿನ ಅಡಿಯಲ್ಲಿರುತ್ತದೆ. ಅದರ ಪಕ್ಕದಲ್ಲೇ ಅಡಿಗೆಯ ಒಲೆ. ಎರಡು ಮಾರು ಆಚೆ ಮಕ್ಕಳು ಮಲಗುವ ಹಲಗೆ. ಒಡೆಯನಿಗೆ ಯಂತ್ರದ ಹುಚ್ಚಿದ್ದರೆ ಇರಲಿ, ಆ ಹಲಗೆಯಲ್ಲಿ ಮಲಗಿದವರಿಗೆ ಅದರ ಪರಿವೆಯೂ ಇರುವುದಿಲ್ಲ.

ಸೋರಿಕೆ ಎಲ್ಲಿಂದ? ಟ್ಯಾಂಕಿನಿಂದ ಕಾರ್ಬ್ಯುರೇಟರಿನ ತನಕ ಎಲ್ಲಿಂದಲೂ ಆಗಬಹುದು. ಆದರೆ ಹಳೆಯ ದೋಣಿಯಲ್ಲಿ ಮೊದಲು ನೋಡಬೇಕಾದುದು ರಬ್ಬರ್ ಕೊಳವೆಗಳನ್ನು. ಹೊರಗಿನಿಂದ ನೋಡಿದರೆ ಕಪ್ಪಗೆ, ಗಟ್ಟಿಮುಟ್ಟಾಗಿ ಕಾಣುವ ಕೊಳವೆ ಒಳಗೆ ಸತ್ತಿರುತ್ತದೆ. ಒಂದು ಹನಿಯೂ ಕಾಣದೆ, ಗೋಡೆಯ ಮೂಲಕವೇ ಆವಿ ಹೊರಬರುತ್ತಿರುತ್ತದೆ. ಇದನ್ನು ಪರೀಕ್ಷಿಸಲು ಯಂತ್ರವೇನೂ ಬೇಡ: ಒಗೆದ ಬಟ್ಟೆಯ ತುಂಡಿನಿಂದ ಕೊಳವೆಯನ್ನು ಉದ್ದಕ್ಕೂ ಚೆನ್ನಾಗಿ ಉಜ್ಜಿ, ಬಟ್ಟೆಯನ್ನು ಹೊರಗೆ ಒಯ್ದು ಮೂಸಿ ನೋಡಿದರಾಯಿತು. ಬಟ್ಟೆಗೆ ಪೆಟ್ರೋಲಿನ ವಾಸನೆ ಹತ್ತಿದ್ದರೆ ಕೊಳವೆಯ ಆಯುಷ್ಯ ಮುಗಿಯಿತೆಂದೇ ಅರ್ಥ. ಕ್ಲಿಪ್ಪು ಬಿಗಿದು ಕೈತೊಳೆದುಕೊಳ್ಳುವವರು ಬಹಳ ಮಂದಿ. ಗಡುಸಾದ ರಬ್ಬರನ್ನು ಬಿಗಿದಷ್ಟೂ ಅದು ಬಿರಿಯುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಹೊಸದನ್ನು ಹಾಕುವಾಗ ಕಾರಿನ ಅಂಗಡಿಯ ಕೊಳವೆ ಸಲ್ಲದು. ಅಮೆರಿಕದ ಕೋಸ್ಟ್ ಗಾರ್ಡಿನ ನಿಯಮದಂತೆ ‘ಎ1’ ಎಂಬ ಗುರುತು ಮೈಮೇಲೆ ಅಚ್ಚಾಗಿರುವ ಕೊಳವೆಯೇ ಬೇಕು. ಅಂಥದು ಬೆಂಕಿಯ ನಡುವೆ ಎರಡೂವರೆ ನಿಮಿಷ ತಾಳಿಕೊಳ್ಳುವಂತೆ ಮಾಡಿದ್ದು. ಎರಡೂವರೆ ನಿಮಿಷ ಕಡಿಮೆಯೆಂದು ತೋರಬಹುದು. ಮಲಗಿದ ಮಕ್ಕಳನ್ನು ಎಬ್ಬಿಸಿ ಡೆಕ್ಕಿಗೆ ಏರಿಸಲು ಬೇಕಾಗುವ ಹೊತ್ತು ಸುಮಾರಾಗಿ ಅಷ್ಟೇ.

ಹಾಯಿದೋಣಿಗೇ ವಿಶೇಷವಾದ ಸೋರಿಕೆ ಇನ್ನೊಂದಿದೆ. ಬಂದರಿನಲ್ಲಿ ನಿಂತಾಗ ಮೂಸಿದರೆ ಏನೂ ಇಲ್ಲ, ಕಡಲಿಗೆ ಹೋಗಿ ಬಂದರೆ ವಾಸನೆ! ಹಾಯಿಗೆ ಗಾಳಿ ತುಂಬಿದಾಗ ದೋಣಿ ಒಂದು ಬದಿಗೆ ವಾಲುತ್ತದೆ. ಟ್ಯಾಂಕಿನೊಳಗಿನ ಪೆಟ್ರೋಲೂ ವಾಲುತ್ತದೆ. ನೆಟ್ಟಗಿದ್ದಾಗ ಒಣಗಿಯೇ ಇದ್ದ ಕಡೆಗಳಿಗೆ, ಅಂದರೆ ಡೆಕ್ಕಿನಿಂದ ಇಂಧನ ಸುರಿಯುವ ದಪ್ಪ ಕೊಳವೆಗೆ, ಗಾಳಿಯಾಡುವ ಸಣ್ಣ ಕೊಳವೆಗೆ, ಅಳತೆಯ ಮುಳ್ಳು ಕೂರಿಸಿದ ತಟ್ಟೆಯ ಅಂಚಿಗೆ ಅದು ಆಗ ಮುಟ್ಟುತ್ತದೆ. ಅಲ್ಲಿನ ವಾಷರು ಒಣಗಿ ಹೋಗಿದ್ದರೆ ಸೋರತೊಡಗುತ್ತದೆ; ದೋಣಿ ನೆಟ್ಟಗಾದೊಡನೆ ನಿಲ್ಲುತ್ತದೆ. ದಡದಲ್ಲಿ ಗಂಟೆಗಟ್ಟಲೆ ಹುಡುಕುವ ಮೆಕ್ಯಾನಿಕನಿಗೆ ಏನೂ ಸಿಗದಿರುವುದು ಇದರಿಂದಲೇ. ಟ್ಯಾಂಕನ್ನು ತುಂಬಿಸಿ, ಈ ಮೂರು ಕಡೆ ಬಿಳಿಯ ಕಾಗದ ಸುತ್ತಿ ಕಟ್ಟಿ, ಒಂದು ಸುತ್ತು ಹಾಯಿ ಓಡಿಸಿ ಬಂದರೆ ಕಾಗದವೇ ಸಾಕ್ಷಿ ಹೇಳುತ್ತದೆ. ಈ ಪರೀಕ್ಷೆಗೆ ಹೊರಟಾಗ ಕ್ಯಾಬಿನ್ನಿನ ಬಾಗಿಲು ತೆರೆದೇ ಇರಬೇಕು, ಒಲೆ ಹಚ್ಚಬಾರದು, ಇಂಜಿನು ಚಾಲೂ ಮಾಡಬಾರದು.

ಕಾರ್ಬ್ಯುರೇಟರಿನದು ಬೇರೆ ಬಗೆ. ಆಟಾಮಿಕ್ ಫೋರಿನಲ್ಲಿ ಅದು ಇಂಜಿನಿನ ತಗ್ಗಿನಲ್ಲಿರುತ್ತದೆ, ಗಾಳಿ ಕೆಳಗಿನಿಂದ ಮೇಲಕ್ಕೆ ಸೇರುತ್ತದೆ. ಒಳಗಿನ ಫ್ಲೋಟು ತೂತಾಗಿ ಮುಳುಗಿದರೆ, ಇಲ್ಲವೆ ನೀಡಲ್ ವಾಲ್ವಿನ ಬಾಯಿಗೆ ಒಂದು ಕಸದ ಕಣ ಸಿಕ್ಕಿದರೆ, ಪೆಟ್ರೋಲ್ ಉಕ್ಕಿ ಗಾಳಿಯ ದಾರಿಯಲ್ಲಿಯೇ ಕೆಳಗೆ ಸುರಿಯುತ್ತದೆ. ಆ ಬಾಯಿಗೆ ಜ್ವಾಲೆ ತಡೆಯುವ ಲೋಹದ ಜಾಲರಿಯೊಂದು ಇರುತ್ತದೆ. ಇಂಜಿನು ಹಿಂದಕ್ಕೆ ಸಿಡಿದಾಗ ಬೆಂಕಿ ಹೊರಬರದಂತೆ ಕಾಯುವುದು ಅದೇ. ಅಮೆರಿಕದಲ್ಲಿ 1940ರಿಂದಲೇ ಅದು ಕಡ್ಡಾಯ. ಶುಚಿ ಮಾಡಲು ಬಿಚ್ಚಿದವರು ಅದನ್ನು ಮರಳಿ ಹಾಕದೆ ಬಿಡುವುದುಂಟು. ಅದಕ್ಕಿಂತ ದೊಡ್ಡ ಅವಿವೇಕ ಮತ್ತೊಂದಿಲ್ಲ.

ಪಂಪಿನ ಸೋರಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಇಂಜಿನಿನ ಮೈಗೆ ಕೂರಿಸಿದ ಹಳೆಯ ಪಂಪಿನೊಳಗೆ ಒಂದು ಡಯಾಫ್ರಮ್ ಪೊರೆಯಿದೆ. ಅದು ಹರಿದರೆ ಪೆಟ್ರೋಲ್ ನೇರವಾಗಿ ಇಂಜಿನ್ ಆಯಿಲಿಗೆ ಸೇರುತ್ತದೆ. ಎಣ್ಣೆಯ ಕಡ್ಡಿ ತೆಗೆದು ನೋಡಿದಾಗ, ಎಣ್ಣೆ ಹಾಕದೆಯೇ ಮಟ್ಟ ಏರಿರುತ್ತದೆ! ಲಾಭವಾಯಿತೆಂದು ಸಂತೋಷಪಡುವ ವಿಷಯವಲ್ಲ ಇದು, ಮೂಸಿದರೆ ಗೊತ್ತಾಗುತ್ತದೆ. ಅಂಥ ಇಂಜಿನನ್ನು ಒಂದು ಸಲವೂ ತಿರುಗಿಸದೆ ಎಣ್ಣೆ ಬದಲಿಸಿ ಪಂಪು ತೆಗೆಯಬೇಕು. ಆ ಜಾಗಕ್ಕೆ ವಿದ್ಯುತ್ ಪಂಪು ಹಾಕುವವರು ಎಣ್ಣೆಯ ಒತ್ತಡದಿಂದ ನಡೆಯುವ ಸ್ವಿಚ್ಚನ್ನೂ ಜತೆಗೆ ಹಾಕಲೇಬೇಕು. ಇಲ್ಲವಾದರೆ ಇಂಜಿನು ನಿಂತಿದ್ದರೂ ಪಂಪು ನಿಲ್ಲದೆ, ತುಂಡಾದ ಕೊಳವೆಯಿಂದ ಟ್ಯಾಂಕಿನಲ್ಲಿದ್ದುದನ್ನೆಲ್ಲ ಅಡಿತಳಕ್ಕೆ ಸುರಿಯುತ್ತದೆ.

ಟ್ಯಾಂಕೇ ತೂತಾದರೆ ಪುಟ್ಟಿ ಮೆತ್ತುವುದು ಬೇಡ. ಒದ್ದೆ ಮರದ ಮೇಲೋ ಸ್ಪಂಜಿನ ಮೇಲೋ ವರ್ಷಗಟ್ಟಲೆ ಕೂತ ಲೋಹ ಕಾಣದ ಬದಿಯಿಂದ ತಿಂದುಹೋಗಿರುತ್ತದೆ. ಒಂದು ತೂತು ಕಂಡಿತೆಂದರೆ ಹತ್ತು ತೂತು ತಯಾರಾಗುತ್ತಿವೆ ಎಂದೇ ತಿಳಿಯಬೇಕು. ತೆಗೆದ ಖಾಲಿ ಟ್ಯಾಂಕನ್ನು ನೇರವಾಗಿ ವೆಲ್ಡಿಂಗ್ ಅಂಗಡಿಗೆ ಒಯ್ಯುವುದಂತೂ ಸಾವನ್ನು ಕರೆದಂತೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯಕಾರಿ, ಏಕೆಂದರೆ ಅದರೊಳಗೆ ತುಂಬಿರುವುದು ಆವಿ ಮತ್ತು ಗಾಳಿ.

ಇನ್ನು, ವಾಸನೆ ಬಂದ ಕೂಡಲೆ ಏನು ಮಾಡಬೇಕು? ಪೆಟ್ರೋಲ್ ಇಂಜಿನಿನ ದೋಣಿಗಳಲ್ಲಿ ಅಡಿತಳದ ಗಾಳಿಯನ್ನು ಎಳೆದು ಹೊರಹಾಕುವ ಬ್ಲೋವರ್ ಫ್ಯಾನು ಇರುತ್ತದೆ. ಚಾಲೂ ಮಾಡುವ ಮೊದಲು ಅದನ್ನು 4 ನಿಮಿಷವಾದರೂ ಓಡಿಸಿ, ಅಡಿತಳವನ್ನು ಪರೀಕ್ಷಿಸಬೇಕೆಂಬ ಎಚ್ಚರಿಕೆಯ ಫಲಕ ಸ್ವಿಚ್ಚಿನ ಬಳಿ ಇರುತ್ತದೆ. ಹಲವರು ಮೊದಲ ಅರ್ಧವನ್ನು ಪಾಲಿಸಿ ಎರಡನೆಯ ಅರ್ಧವನ್ನು ಮರೆಯುತ್ತಾರೆ. ಹಳೆಯ ದೋಣಿಗಳಲ್ಲಿ ಫ್ಯಾನಿನ ಕೊಳವೆ ಕಳಚಿ ಬಿದ್ದು, ಅದು ಮೇಲಿನ ಒಳ್ಳೆಯ ಗಾಳಿಯನ್ನೇ ಹೊರಹಾಕುತ್ತಿರುವುದೂ ಉಂಟು. ಸದ್ದು ಮಾತ್ರ ಜೋರು. ಆದ್ದರಿಂದ ಮೂಗನ್ನೇ ನಂಬಬೇಕು, ಮೆಟ್ಟಿಲಿನ ಹಲಗೆ ತೆಗೆದು ತಗ್ಗಿ ಮೂಸಬೇಕು. ಅಡಿತಳದಲ್ಲಿ ಪೆಟ್ರೋಲ್ ನಿಂತಿರುವುದೇ ಕಂಡರೆ ಆ ಫ್ಯಾನಿನ ಸ್ವಿಚ್ಚನ್ನೂ ಮುಟ್ಟಬಾರದು. ದೀಪ ಬೇಡ, ಬ್ಯಾಟರಿಯ ತಂತಿ ಬಿಚ್ಚುವುದೂ ಬೇಡ, ಬಿಚ್ಚುವಾಗಲೇ ಕಿಡಿ ಹಾರುತ್ತದೆ. ಎಲ್ಲರನ್ನೂ ಹೊರಗೆ ಕಳುಹಿಸಿ, ಬಾಗಿಲು ಮುಚ್ಚಳಗಳನ್ನು ತೆರೆದಿಟ್ಟು, ಟ್ಯಾಂಕಿನ ವಾಲ್ವು ಕೈಗೆ ಸಿಗುವಂತಿದ್ದರೆ ಮುಚ್ಚಿ, ಗಾಳಿಗೆ ಬಿಡಬೇಕು. ವಾಸನೆ ಇಳಿದ ಮೇಲೆ ಬಟ್ಟೆಯಿಂದ ಹೀರಿಸಿ ತೆಗೆಯಬೇಕು. ಅಡಿತಳದ ನೀರನ್ನು ತಾನಾಗಿ ಎತ್ತುವ ಪಂಪು ಇದ್ದರೆ ಅದರ ಸ್ವಿಚ್ಚೂ ಒಂದು ಕಿಡಿಯೇ ಎಂಬುದು ನೆನಪಿರಲಿ.

ಇತ್ತೀಚಿನ ತೊಂದರೆಯೊಂದು ಇಂಧನದಿಂದಲೇ ಬಂದಿದೆ. ಅಮೆರಿಕದಲ್ಲಿ 2006ರ ಸುಮಾರಿಗೆ ಶೇಕಡಾ 10 ಎಥನಾಲ್ ಬೆರೆಸಿದ ಪೆಟ್ರೋಲ್ ಎಲ್ಲೆಡೆ ಹಬ್ಬಿದಾಗ ಹಳೆಯ ದೋಣಿಗಳ ರಬ್ಬರ್ ಮೆತ್ತಗಾಯಿತು, ಕೆಲವು ಹಳೆಯ ಫೈಬರ್‌ಗ್ಲಾಸ್ ಟ್ಯಾಂಕುಗಳ ಒಳಮೈ ಕರಗಿ ಇಂಜಿನಿಗೆ ಹೋಯಿತು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದು ಲೋಹವನ್ನು ತಿನ್ನುತ್ತದೆ. ಭಾರತದಲ್ಲಿ ಶೇಕಡಾ 10ರ ಮಿಶ್ರಣ 2022ರಲ್ಲಿ ಸಾಧ್ಯವಾಯಿತು, 2025ರಲ್ಲಿ ಅದು ಶೇಕಡಾ 20ಕ್ಕೆ ಏರಿತು.

ಈ ಮಾತು ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡಪ್ಪುರದವರಿಗೂ ತಟ್ಟುತ್ತದೆ. ನಮ್ಮ ನಾಡದೋಣಿಗಳು ತೆರೆದವು, ಆವಿ ನಿಲ್ಲಲು ಅಲ್ಲಿ ಮುಚ್ಚಿದ ಕ್ಯಾಬಿನ್ನಿಲ್ಲ. ಔಟ್‌ಬೋರ್ಡ್ ಇಂಜಿನುಗಳು ಬಹುಮಟ್ಟಿಗೆ ಸೀಮೆಎಣ್ಣೆಯಲ್ಲಿ ಓಡಿ, ಚಾಲೂ ಮಾಡಲಷ್ಟೆ ಪೆಟ್ರೋಲ್ ಬೇಡುವಂಥವು. ಆದರೆ ಆ ಸ್ವಲ್ಪ ಪೆಟ್ರೋಲ್ ಹರಿಯುವುದೂ ರಬ್ಬರ್ ಕೊಳವೆಯಲ್ಲೇ. ಕೈಯಿಂದ ಹಿಸುಕುವ ರಬ್ಬರ್ ಬಲ್ಬಿನ ಎರಡು ತುದಿಗಳನ್ನು ಬಿಸಿಲಿಗೆ ಹಿಡಿದು ಬಗ್ಗಿಸಿ ನೋಡಿದರೆ ಸಣ್ಣ ಬಿರುಕುಗಳು ಕಾಣುತ್ತವೆ. ಕಂಡ ದಿನವೇ ಬದಲಿಸುವುದು ಲೇಸು. ದೋಣಿಯ ಮೂತಿಯ ಮುಚ್ಚಿದ ಗೂಡಿನಲ್ಲಿ ಪೆಟ್ರೋಲ್ ಕ್ಯಾನು ಇಡುವ ಅಭ್ಯಾಸವಿದ್ದರೆ ಬಿಡಬೇಕು. ಆ ಗೂಡು ಮೇಲೆ ಹೇಳಿದ ಅಡಿತಳದ ತಮ್ಮನೇ ಸರಿ. ಟ್ಯಾಂಕಿಗೆ ಪೆಟ್ರೋಲ್ ತುಂಬಿಸುವುದನ್ನು ದೋಣಿಯೊಳಗೆ ಮಾಡದೆ, ಟ್ಯಾಂಕನ್ನು ದಡದ ಹೊಯ್ಗೆಯ ಮೇಲೆ ಇಟ್ಟು ತುಂಬಿಸಿ, ಮುಚ್ಚಳ ಬಿಗಿದು, ಹೊರಗೆ ಚೆಲ್ಲಿದ್ದನ್ನು ಒರೆಸಿ, ಬೀಡಿ ಸೇದುವವರನ್ನು ದೂರ ಕಳುಹಿಸಿ, ಆಮೇಲೆ ದೋಣಿಗೆ ಏರಿಸಬೇಕು.