ಬಂದೂಕಿನ ಲೆಕ್ಕ ಇಡುವುದು ಹೇಗೆ?

1997ರ ಮಾರ್ಚಿನಲ್ಲಿ ಅಲ್ಬೇನಿಯಾದ ಜನ ತಮ್ಮದೇ ಸರ್ಕಾರದ ಶಸ್ತ್ರಾಗಾರಗಳನ್ನು ಲೂಟಿ ಮಾಡಿದರು. ಅತಿಬಡ್ಡಿಯ ಆಸೆ ತೋರಿಸಿದ್ದ ಪಿರಮಿಡ್ ಸ್ಕೀಮುಗಳು ಮುಳುಗಿ ಜೀವಮಾನದ ಉಳಿತಾಯ ಕೊಚ್ಚಿಹೋಗಿತ್ತು. ಸಿಟ್ಟಿಗೆದ್ದವರು ಬೀದಿಗಿಳಿದಾಗ ಕಾವಲಿನ ಸೈನಿಕರು, ಪೊಲೀಸರು ಎಷ್ಟೋ ಕಡೆ ಜಾಗ ಖಾಲಿ ಮಾಡಿದರು. ಮೂವತ್ತು ಲಕ್ಷ ಚಿಲ್ಲರೆ ಜನರಿದ್ದ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಬಂದೂಕುಗಳು ಮನೆಮನೆ ಸೇರಿದವು. ಅವುಗಳಲ್ಲಿ ಒಂದಷ್ಟು ಗಡಿ ದಾಟಿ ಕೊಸೊವೊದ ಯುದ್ಧಕ್ಕೂ ಹೋದವು.

ಹೀಗೆ ಕೈತಪ್ಪಿದ ಬಂದೂಕುಗಳನ್ನು ಮತ್ತೆ ಹತೋಟಿಗೆ ತರಲು ಏನೇನು ಬೇಕು ಎಂಬುದಕ್ಕೆ ಅಲ್ಬೇನಿಯಾದಷ್ಟು ಸ್ಪಷ್ಟವಾದ ಪಾಠ ಇನ್ನೊಂದಿಲ್ಲ.

ಯಾವುದು ಸಣ್ಣ ಶಸ್ತ್ರ?

ಒಬ್ಬನೇ ಹೊತ್ತು ಒಬ್ಬನೇ ಬಳಸಬಹುದಾದ ಪಿಸ್ತೂಲು, ರಿವಾಲ್ವರ್, ರೈಫಲ್‌ಗಳು ಸಣ್ಣ ಶಸ್ತ್ರಗಳು. ಇಬ್ಬರು ಮೂವರು ಸೇರಿ ಬಳಸುವ ಭಾರೀ ಮಷಿನ್‌ಗನ್, ಚಿಕ್ಕ ಮಾರ್ಟರ್ ಇತ್ಯಾದಿ ಲಘು ಶಸ್ತ್ರಗಳು. ಇವುಗಳ ಹತೋಟಿ ಕಷ್ಟವಾಗುವುದು ಬಾಳಿಕೆಯಿಂದ. ಎಣ್ಣೆ ಹಾಕಿ ಒರೆಸಿಟ್ಟ ರೈಫಲ್ ಹತ್ತಾರು ವರ್ಷ ಕೆಟ್ಟುಹೋಗುವುದಿಲ್ಲ. ಅಷ್ಟರಲ್ಲಿ ಅದು ಎಷ್ಟು ಕೈ ಬದಲಾಯಿಸಿರುತ್ತದೋ!

ಊರಿನ ಮಟ್ಟದ ಕೆಲಸ: ಮರಳಿ ಪಡೆಯುವುದು

ಮೊದಲು ಬೇಕಾದದ್ದು ಕ್ಷಮಾದಾನದ ಕಾನೂನು. ಬಂದೂಕು ತಂದುಕೊಟ್ಟವನನ್ನೇ ಹಿಡಿದು ಒಳಗೆ ಹಾಕಿದರೆ ಎರಡನೆಯವನು ಬರುವುದಿಲ್ಲ. ಅಲ್ಬೇನಿಯಾ 1998ರಲ್ಲಿ ಅಂಥ ಕಾನೂನು ತಂದು, ವಿಶ್ವಸಂಸ್ಥೆಯ ನೆರವು ಕೇಳಿತು. ಆಗ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀಲಂಕಾದ ಜಯಂತ ಧನಪಾಲ ಅವರ ನೇತೃತ್ವದ ತಂಡ ಅಲ್ಲಿಗೆ ಹೋಗಿ ಪರಿಶೀಲಿಸಿತು. ಪ್ರಯೋಗಕ್ಕೆ ಆರಿಸಿದ್ದು ಗ್ರಾಮ್ಷ್ ಎಂಬ ಬಡ ಜಿಲ್ಲೆಯನ್ನು. ಕಲಾಶ್ನಿಕೊವ್ ಮಾದರಿಯ ರೈಫಲ್ ತಯಾರಿಸುವ ಕಾರ್ಖಾನೆ ಇದ್ದದ್ದೂ ಅಲ್ಲೇ.

ಬಂದೂಕಿಗೆ ಇಷ್ಟು ಎಂದು ಕೈಗೆ ದುಡ್ಡು ಕೊಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಬೆಲೆ ನಿಗದಿಯಾದ ಕೂಡಲೇ ಅದೊಂದು ಮಾರುಕಟ್ಟೆಯಾಗುತ್ತದೆ. ಬೇರೆ ಕಡೆ ಅಗ್ಗಕ್ಕೆ ಕೊಂಡು ಇಲ್ಲಿ ತಂದು ಮಾರುವವರು ಹುಟ್ಟಿಕೊಳ್ಳುತ್ತಾರೆ. ಹಳೆಯದನ್ನು ಕೊಟ್ಟು ಬಂದ ಹಣದಲ್ಲಿ ಹೊಸದನ್ನು ಕೊಳ್ಳುವವರೂ ಇರುತ್ತಾರೆ. ಆದ್ದರಿಂದ ಗ್ರಾಮ್ಷ್‌ನಲ್ಲಿ ಯಾರ ಕೈಗೂ ಹಣ ಕೊಡಲಿಲ್ಲ. ಜನ ಶಸ್ತ್ರ ಒಪ್ಪಿಸಿದರೆ ಊರಿಗೆ ರಸ್ತೆ, ದೂರವಾಣಿಯಂಥ ಸೌಲಭ್ಯ ಬರುತ್ತದೆ ಎಂಬುದು ಕರಾರು. ಲಾಭ ಊರಿನದಾದ್ದರಿಂದ, ಬಂದೂಕು ಬಚ್ಚಿಟ್ಟವನಿಗೆ ನೆರೆಹೊರೆಯವರೇ ಬುದ್ಧಿ ಹೇಳತೊಡಗಿದರು. ಸುಮಾರು 6,000 ಶಸ್ತ್ರಗಳೂ 137 ಟನ್ ಮದ್ದುಗುಂಡೂ ಹಿಂದಿರುಗಿದವು. ಆಮೇಲೆ ಇದೇ ಕ್ರಮ ಬೇರೆ ಜಿಲ್ಲೆಗಳಿಗೂ ಹಬ್ಬಿತು.

ಐದು ಲಕ್ಷದ ಮುಂದೆ ಆರು ಸಾವಿರ ಚಿಕ್ಕ ಸಂಖ್ಯೆಯೇ. ಆದರೂ ಪೊಲೀಸರಿಗೂ ಹಳ್ಳಿಗರಿಗೂ ನಡುವೆ ಮುರಿದುಹೋಗಿದ್ದ ಮಾತುಕತೆ ಮತ್ತೆ ಶುರುವಾದದ್ದು ಈ ಕೆಲಸದಿಂದ. ಅದಿಲ್ಲದೆ ಯಾವ ಸರ್ಕಾರವೂ ಮನೆಯೊಳಗಿನ ಬಂದೂಕನ್ನು ಹೊರಗೆ ತರಲಾರದು.

ದೇಶದ ಮಟ್ಟದ ಕೆಲಸ: ನಂಬರು ಮತ್ತು ರಿಜಿಸ್ಟರು

2001ರ ಜುಲೈನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಸಣ್ಣ ಶಸ್ತ್ರಗಳ ಅಕ್ರಮ ವ್ಯಾಪಾರ ತಡೆಯಲು ಒಂದು ಕಾರ್ಯಯೋಜನೆಯನ್ನು ಒಪ್ಪಿಕೊಂಡವು. ಪ್ರತಿ ದೇಶವೂ ಈ ವಿಷಯಕ್ಕೆ ಒಂದು ಸಂಪರ್ಕ ಕೇಂದ್ರವನ್ನು ಗೊತ್ತುಮಾಡಬೇಕು, ಪೊಲೀಸ್, ಕಸ್ಟಮ್ಸ್, ಸೇನೆ, ಗೃಹ ಇಲಾಖೆಗಳು ಒಟ್ಟಾಗಿ ಕೆಲಸ ಮಾಡಬೇಕು ಎಂಬುದು ಅದರ ಆಶಯ. ಅಕ್ರಮ ಬಂದೂಕಿನ ಮೂಲ ಪತ್ತೆಹಚ್ಚಲು 2005ರಲ್ಲಿ ಬಂದ ಒಪ್ಪಂದ ಇನ್ನೂ ಖಚಿತವಾಗಿದೆ. ತಯಾರಾಗುವಾಗಲೇ ಪ್ರತಿ ಬಂದೂಕಿನ ಮೇಲೆ ತಯಾರಕರ ಹೆಸರು, ದೇಶ, ಕ್ರಮಸಂಖ್ಯೆ ಕೆತ್ತಿರಬೇಕು. ತಯಾರಿಕೆಯ ದಾಖಲೆಯನ್ನು ಕನಿಷ್ಠ 30 ವರ್ಷ, ಆಮದು ರಫ್ತು ಮುಂತಾದ ಉಳಿದ ದಾಖಲೆಗಳನ್ನು ಕನಿಷ್ಠ 20 ವರ್ಷ ಕಾಪಾಡಬೇಕು.

ಇದರ ಉಪಯೋಗ ತನಿಖೆಯಲ್ಲಿ ಗೊತ್ತಾಗುತ್ತದೆ. ಕೊಲೆಯ ಜಾಗದಲ್ಲಿ ಪಿಸ್ತೂಲು ಸಿಕ್ಕರೆ ಪೊಲೀಸರು ಕ್ರಮಸಂಖ್ಯೆ ಹಿಡಿದು ತಯಾರಕನಿಂದ ಆಮದುದಾರನಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಕೊಂಡವನಿಗೆ ಎಂದು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಾರೆ. ನಡುವೆ ಒಬ್ಬರು ರಿಜಿಸ್ಟರು ಬರೆಯದಿದ್ದರೂ ಜಾಡು ಅಲ್ಲಿಗೇ ನಿಲ್ಲುತ್ತದೆ.

ಉಗ್ರಾಣ ಮತ್ತು ನಾಶ

ಸಂಗ್ರಹಿಸಿದ ಬಂದೂಕನ್ನು ಹಾಗೇ ಪೇರಿಸಿಟ್ಟರೆ ಇನ್ನೊಂದು ಲೂಟಿಗೆ ಸರಕು ಒದಗಿಸಿದಂತೆ. ಬಂದೂಕು ಬೇರೆ, ಗುಂಡು ಬೇರೆ ಕೋಣೆಯಲ್ಲಿರಬೇಕು. ಎರಡು ಬೀಗ, ಇಬ್ಬರ ಬಳಿ ಕೀಲಿ, ಆಗಾಗ ಎಣಿಕೆ ಇರಬೇಕು. ಬೇಡದ್ದನ್ನು ಕತ್ತರಿಸಿ ಕರಗಿಸಬೇಕು. ಜರ್ಮನಿ, ನಾರ್ವೆ, ಅಮೆರಿಕಗಳ ನೆರವಿನಿಂದ ಅಲ್ಬೇನಿಯಾ ಒಂದು ಲಕ್ಷಕ್ಕೂ ಹೆಚ್ಚು ಶಸ್ತ್ರಗಳನ್ನು ನಾಶಮಾಡಿತು.

ಹಳೆಯ ಮದ್ದುಗುಂಡಿನ ವಿಷಯದಲ್ಲಿ ಅದೇ ದೇಶ ಎಡವಿತು. 2008ರ ಮಾರ್ಚ್ 15ರಂದು ರಾಜಧಾನಿ ಟಿರಾನಾದ ಹತ್ತಿರದ ಗೆರ್ಡೆಟ್ಸ್ ಹಳ್ಳಿಯಲ್ಲಿ, ಹಳೆಯ ಗುಂಡುಗಳನ್ನು ಬಿಚ್ಚುತ್ತಿದ್ದ ಜಾಗ ಸ್ಫೋಟಗೊಂಡು 26 ಮಂದಿ ಸತ್ತರು. ಅಲ್ಲಿ ಕೂಲಿಗೆ ಹೋಗುತ್ತಿದ್ದವರು ಸುತ್ತಲಿನ ಹಳ್ಳಿಗರು, ಹೆಂಗಸರೂ ಸೇರಿ. ರಕ್ಷಣಾ ಸಚಿವರು ರಾಜೀನಾಮೆ ಕೊಟ್ಟರು. ಕೆಲಸ ಬಲ್ಲ ತಂತ್ರಜ್ಞರು, ಸುರಕ್ಷತೆಯ ನಿಯಮ, ಅದನ್ನು ನೋಡಿಕೊಳ್ಳುವ ಅಧಿಕಾರಿ, ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ನಿಶ್ಶಸ್ತ್ರೀಕರಣವೇ ಜೀವ ತೆಗೆಯಬಹುದು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಆಧಾರ 1959ರ ಶಸ್ತ್ರಾಸ್ತ್ರ ಕಾಯ್ದೆ. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್ ಲೈಸೆನ್ಸ್ ಕೊಡುತ್ತಾರೆ. ಅದಕ್ಕೆ ಮೊದಲು ಠಾಣೆಯಿಂದ ವರದಿ ಬರಬೇಕು. 2016ರ ನಿಯಮಗಳ ಪ್ರಕಾರ ಪ್ರತಿ ಲೈಸೆನ್ಸೂ ರಾಷ್ಟ್ರೀಯ ಡೇಟಾಬೇಸ್‌ನಲ್ಲಿ ಸೇರಿ ವಿಶಿಷ್ಟ ಸಂಖ್ಯೆ ಪಡೆಯಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸುವ ಆದೇಶ ಹೊರಡುತ್ತದೆ. ತೋಟಕ್ಕೆ ಹಂದಿ, ಮಂಗ ನುಗ್ಗುವ ಮಲೆನಾಡು ಕರಾವಳಿಯ ಕೃಷಿಕರು ಇದರಿಂದ ವಿನಾಯಿತಿ ಕೇಳುತ್ತಲೇ ಬಂದಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದೇ. ಯಾರ ಕೋವಿ ತೋಟಕ್ಕೆ, ಯಾರದು ಬೆದರಿಕೆಗೆ ಎಂದು ಊರನ್ನು ಬಲ್ಲ ಠಾಣೆ ವಿಂಗಡಿಸಬಲ್ಲದಾದರೆ ಎಲ್ಲರದನ್ನೂ ಒಟ್ಟಿಗೆ ಕಟ್ಟಿಡುವ ಅಗತ್ಯ ಬರುವುದಿಲ್ಲ.

ಕೊನೆಯದಾಗಿ ಓದುಗರಿಗೊಂದು ಮಾತು. ನಿಮ್ಮ ಮನೆಯ ಅಟ್ಟದಲ್ಲಿ ತೀರಿಹೋದ ಅಜ್ಜನ ಹೆಸರಿನ ಕೋವಿ ಇದೆಯೇ? ಲೈಸೆನ್ಸ್‌ದಾರ ತೀರಿಕೊಂಡ ಮೇಲೆ ಅದನ್ನು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಹತ್ತಿರದ ಠಾಣೆಗೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಿರಿ. ಬೇಕಿದ್ದರೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಿ.