ಮನೆ ತೊರೆದು ಬಂದ ತಾಯಿಮಕ್ಕಳಿಗೆ ಆಸರೆ: ಭಕ್ತರು ತಿಳಿದಿರಬೇಕಾದ ಸಂಗತಿಗಳು



ಗಂಡ-ಹೆಂಡಿರ ಕಲಹಗಳು ನ್ಯಾಯಾಲಯದ ಮೆಟ್ಟಿಲೇರುವ ಮುನ್ನ ಮಠದ ಅಂಗಳಕ್ಕೆ ಬರುವುದು ನಮ್ಮ ನಾಡಿನಲ್ಲಿ ಬಹುಕಾಲದ ರೂಢಿ. ಹಿರಿಯರು ಇಬ್ಬರಿಗೂ ಬುದ್ಧಿ ಹೇಳಿ, ಪ್ರಸಾದ ಮಾಡಿಸಿ, ಒಟ್ಟುಗೂಡಿಸಿ ಕಳುಹಿಸುತ್ತಾರೆ. ಮನಸ್ತಾಪಕ್ಕೆ ಈ ಕ್ರಮ ಮದ್ದಾಗಬಲ್ಲದು. ಆದರೆ ಏಟು ತಿಂದು, ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಣ್ಣುಮಗಳನ್ನು ‘ಹೊಂದಿಕೊಂಡು ಹೋಗು ತಾಯಿ’ ಎಂದು ಅದೇ ರಾತ್ರಿ ಅದೇ ಮನೆಗೆ ಮರಳಿಸಿದರೆ ಅದನ್ನು ಸಂಧಾನವೆನ್ನಲಾಗದು. ಇಂಥ ತಪ್ಪು ನಮ್ಮಂಥ ಹಿರಿಯರಿಂದಲೇ ಆಗುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಆಕೆಗೆ ಮೊದಲು ಬೇಕಾದದ್ದು ಸುರಕ್ಷಿತವಾದ ಒಂದು ಸೂರು. ಅದು ದೊರೆಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇವೆ.

ಮೊದಲ ರಾತ್ರಿ

ಪ್ರಾಣಾಪಾಯವಿದ್ದರೆ 112ಕ್ಕೆ ಕರೆ ಮಾಡಬೇಕು. ಮಹಿಳಾ ಸಹಾಯವಾಣಿ 181 ಹಗಲಿರುಳೂ ತೆರೆದಿರುತ್ತದೆ. 2015ರಲ್ಲಿ ಆರಂಭವಾದ ಯೋಜನೆಯಡಿ ಜಿಲ್ಲೆಗಳಲ್ಲಿ ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳಿವೆ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ ಇವೆಲ್ಲವೂ ಅಲ್ಲಿ ಒಂದೇ ಸೂರಿನಡಿ ದೊರೆಯುತ್ತವೆ. ಮಕ್ಕಳೊಡನೆ ಐದು ದಿನಗಳವರೆಗೆ ಅಲ್ಲಿ ತಂಗಬಹುದು.

ಐದು ದಿನಗಳ ಬಳಿಕ

ಹೆಚ್ಚು ಕಾಲದ ಆಸರೆ ಬೇಕಾದವರಿಗೆ ‘ಶಕ್ತಿ ಸದನ’ಗಳಿವೆ. ಹಿಂದಿನ ಸ್ವಾಧಾರ ಗೃಹ ಮತ್ತು ಉಜ್ವಲಾ ಯೋಜನೆಗಳನ್ನು ‘ಮಿಷನ್ ಶಕ್ತಿ’ಯಡಿ ಒಂದುಗೂಡಿಸಿ ಇವನ್ನು ರೂಪಿಸಲಾಗಿದೆ. ಊಟ, ವಸತಿ, ವೈದ್ಯಕೀಯ ನೆರವಿನ ಜೊತೆಗೆ ವೃತ್ತಿ ತರಬೇತಿಯೂ ಇಲ್ಲುಂಟು. ಒಂದು ಕಾಯಕವನ್ನು ಕಲಿತು ಸ್ವಂತ ಕಾಲ ಮೇಲೆ ನಿಲ್ಲುವವರೆಗೆ ಆಕೆಗೆ ಕಾಲಾವಕಾಶ ಒದಗಿಸುವುದೇ ಇದರ ಉದ್ದೇಶ.

ಪೊಲೀಸ್ ದೂರು ಕೊಟ್ಟರೆ ಮಾತ್ರ ಆಶ್ರಯ ಸಿಗುತ್ತದೆಂಬ ನಂಬಿಕೆ ತಪ್ಪು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ ನಿಯಮಗಳ ಪ್ರಕಾರ, ಹಿಂಸೆಯ ವರದಿ ಮೊದಲೇ ದಾಖಲಾಗಿಲ್ಲವೆಂಬ ಕಾರಣಕ್ಕೆ ಆಶ್ರಯಗೃಹವು ಆಕೆಯನ್ನು ತಿರಸ್ಕರಿಸುವಂತಿಲ್ಲ. ಆಕೆ ಬಯಸಿದರೆ ಗುರುತನ್ನೂ ಗೋಪ್ಯವಾಗಿಡಬೇಕು.

ಮನೆ ಆಕೆಯದೂ ಹೌದು

ಆಶ್ರಯಗೃಹ ನಡುವಿನ ತಂಗುದಾಣ ಮಾತ್ರ. ಮನೆ ಯಾರ ಹೆಸರಿನಲ್ಲಿದ್ದರೂ ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಇದೇ ಕಾಯ್ದೆಯ 17ನೆಯ ಕಲಂ ಆಕೆಗೆ ನೀಡಿದೆ. 19ನೆಯ ಕಲಮಿನಡಿ, ಹಿಂಸಿಸಿದ ಗಂಡನೇ ಮನೆಯಿಂದ ಹೊರಹೋಗಬೇಕೆಂದು ನ್ಯಾಯಾಲಯವು ಆದೇಶಿಸಬಹುದು. ಅರ್ಜಿ ಸಲ್ಲಿಸಲು ಸಂರಕ್ಷಣಾಧಿಕಾರಿಗಳು ನೆರವಾಗುತ್ತಾರೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಅದರ ಸಹಾಯವಾಣಿ 15100.

ಮಗು ಒಂಟಿಯಾಗಿದ್ದರೆ

ಪೋಷಕರಿಂದ ಬೇರ್ಪಟ್ಟ ಮಗುವನ್ನು ‘ಮಠದಲ್ಲಿಟ್ಟುಕೊಳ್ಳಿ, ಓದಿಕೊಂಡಿರಲಿ’ ಎಂದು ಕರೆತರುವ ಭಕ್ತರುಂಟು. ಅವರ ಅಂತಃಕರಣ ದೊಡ್ಡದು. ಆದರೆ ಬಾಲನ್ಯಾಯ ಕಾಯ್ದೆ, 2015ರಂತೆ, ಅಂಥ ಮಗು ಕಂಡುಬಂದ 24 ಗಂಟೆಗಳೊಳಗೆ ಪೊಲೀಸರು, ಮಕ್ಕಳ ಸಹಾಯವಾಣಿ 1098 ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು. ಮಗು ಎಲ್ಲಿರಬೇಕೆಂಬುದನ್ನು ಸಮಿತಿ ನಿರ್ಧರಿಸುತ್ತದೆ. ಮಕ್ಕಳ ಪಾಲನಾ ಸಂಸ್ಥೆ ನಡೆಸಲು ನೋಂದಣಿ ಕಡ್ಡಾಯ. ಕಾವಿಯ ಮೇಲಿನ ಗೌರವ ಕಾನೂನಿಗೆ ಬದಲಿಯಾಗದು. ಮಠಗಳೂ ಇದಕ್ಕೆ ಹೊರತಲ್ಲ.

ನಾವು ಮಾಡಬೇಕಾದದ್ದು

ಆಕೆಯ ಮಾತನ್ನು ಒಬ್ಬಳೇ ಇರುವಾಗ ಕೇಳೋಣ, ಗಂಡನನ್ನು ಎದುರಿಗೆ ಕೂರಿಸಿಕೊಂಡಲ್ಲ. ಕೇಂದ್ರಕ್ಕೆ ಹೋಗುವಾಗ ನಂಬಿಕಸ್ಥ ಹೆಣ್ಣುಮಗಳೊಬ್ಬರು ಜೊತೆಗಿರಲಿ. ಸಾಧ್ಯವಿದ್ದರೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಮಕ್ಕಳ ಶಾಲಾ ದಾಖಲೆಗಳನ್ನು ಜೊತೆಯಲ್ಲಿ ಒಯ್ಯಲಿ. ಅವಿಲ್ಲವೆಂದು ಹೊರಡುವುದನ್ನು ತಡಮಾಡುವುದು ಬೇಡ. ಆಕೆ ಇರುವ ಸ್ಥಳವನ್ನು ಗಂಡನ ಕಡೆಯವರು ಎಷ್ಟೇ ಬೇಡಿಕೊಂಡರೂ ತಿಳಿಸಬಾರದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಫೋಟೊ ಹಂಚಬಾರದು. ಸಂಧಾನದ ಮಾತು ಆಕೆ ಸುರಕ್ಷಿತಳಾದ ಮೇಲೆ, ಆಕೆಯೇ ಬಯಸಿದರೆ ಮಾತ್ರ.

ಹಸಿದು ಬಂದವರಿಗೆ ಯಾರು, ಏಕೆಂದು ಕೇಳದೆ ಎಡೆ ಮಾಡುವುದು ನಮ್ಮ ದಾಸೋಹದ ರೀತಿ. ಹೆದರಿ ಬಂದ ತಾಯಿಗೂ ನಾವು ಅದೇ ರೀತಿ ನಡೆದುಕೊಳ್ಳಬೇಕು. ಮೇಲಿನ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಅಕ್ಕನ ಬಳಗ, ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಿ ಓದಿಹೇಳಿ.